ಶಾಲಾ ಬಸ್ಸು ಮತ್ತು ಐದನೆಯ ಆಜ್ಞೆ



ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು ಅರೆಯುವ ಹಂಗಾಮು ಆರಂಭವಾಯಿತೆಂದರೆ ಸುತ್ತಲಿನ ರಸ್ತೆಗಳ ತುಂಬ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು. ಅದೇ ರಸ್ತೆಗಳಲ್ಲಿ ಶಾಲಾ ಬಸ್ಸುಗಳೂ ಸಂಚರಿಸುತ್ತವೆ. 2024ರ ಜನವರಿ ಕೊನೆಯಲ್ಲಿ ಜಮಖಂಡಿ ತಾಲೂಕಿನ ಆಲಗೂರಿನ ಬಳಿ, ಶಾಲೆಯ ಕಾರ್ಯಕ್ರಮ ಮುಗಿಸಿ ರಾತ್ರಿ ಊರಿಗೆ ಮರಳುತ್ತಿದ್ದ ಮಕ್ಕಳ ಬಸ್ಸಿಗೂ ಟ್ರ್ಯಾಕ್ಟರಿಗೂ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ತೀರಿಕೊಂಡರು.

ಇಂಥ ಸುದ್ದಿ ಕೇಳಿದಾಗ "ಎಲ್ಲ ದೇವರ ಚಿತ್ತ" ಎಂದು ನಿಟ್ಟುಸಿರು ಬಿಡುತ್ತೇವೆ. ಯಾವುದೇ ಅಪಘಾತದಲ್ಲಿ ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ನಾವು ವಾಹನ ನಡೆಸುವ ರೀತಿಯ ಹೊಣೆಯನ್ನು ದೇವರ ಮೇಲೆ ಹೊರಿಸಬಹುದೇ?

ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಐದನೆಯ ಆಜ್ಞೆಯನ್ನು ವಿವರಿಸುವಾಗಲೇ (ಸಂಖ್ಯೆ 2290), ಕುಡಿತದಿಂದ ಅಥವಾ ವೇಗದ ಹುಚ್ಚಿನಿಂದ ರಸ್ತೆಯಲ್ಲಿ ತನಗೂ ಪರರಿಗೂ ಅಪಾಯ ತಂದೊಡ್ಡುವವನ ಅಪರಾಧ ಘೋರವಾದುದೆಂದು ಕಲಿಸುತ್ತದೆ. ಗಮನಿಸಿರಿ: ಅಪಘಾತವಾದರೆ ಮಾತ್ರ ತಪ್ಪು ಎಂದು ಅಲ್ಲಿ ಹೇಳಿಲ್ಲ. ಪರರ ಪ್ರಾಣವನ್ನು ಅಪಾಯಕ್ಕೆ ಒಡ್ಡುವುದೇ ತಪ್ಪು. "ಏನೂ ಆಗಲಿಲ್ಲವಲ್ಲ, ಫಾದರ್" ಎಂಬ ಮಾತು ನಮ್ಮನ್ನು ನಿರ್ದೋಷಿಗಳನ್ನಾಗಿ ಮಾಡುವುದಿಲ್ಲ. 2007ರಲ್ಲಿ ವ್ಯಾಟಿಕನ್ ಚಾಲಕರಿಗಾಗಿ ನೀಡಿದ ಹತ್ತು ಸೂತ್ರಗಳಲ್ಲಿಯೂ ಈ ಆಜ್ಞೆಗೇ ಮೊದಲ ಸ್ಥಾನ.

ಬಸ್ಸಿನಿಂದ ಇಳಿದ ಮಗುವಿಗೆ ಎದುರು ಬದಿಯಲ್ಲಿ ನಿಂತ ತಾಯಿ ಮಾತ್ರ ಕಾಣುತ್ತಾಳೆ. ಬರುತ್ತಿರುವ ವಾಹನ ಕಾಣುವುದಿಲ್ಲ. ಬಸ್ಸಿನ ಮರೆಯಲ್ಲಿರುವ ಮಗು ಚಾಲಕನಿಗೂ ಕಾಣುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗಿರುತ್ತದೆ. ಕಾಲು ಬ್ರೇಕ್ ಮುಟ್ಟುವ ಮೊದಲೇ ಎಲ್ಲವೂ ಮುಗಿದಿರಬಹುದು. ಆಳೆತ್ತರ ಬೆಳೆದ ಕಬ್ಬಿನ ನಡುವಿನ ತಿರುವುಗಳಲ್ಲಂತೂ ಅಪಾಯ ಇನ್ನೂ ಹೆಚ್ಚು.

ಆದ್ದರಿಂದ ಶಾಲಾ ಬಸ್ಸು ನಿಂತಿದ್ದರೆ ಅದನ್ನು ಹಿಂದೆ ಹಾಕಲು ಆತುರಪಡಬೇಡಿರಿ. ಮಕ್ಕಳು ರಸ್ತೆ ದಾಟುವವರೆಗೆ ಕಾಯಿರಿ. ಟ್ರೇಲರುಗಳ ಹಿಂದೆ ಕೆಂಪು ದೀಪ, ಪ್ರತಿಫಲಕ ಪಟ್ಟಿ ಇರಲಿ. ಹಾರ್ನ್ ಕೇಳಿಸದಷ್ಟು ಜೋರಾಗಿ ಹಾಡು ಹಾಕಬೇಡಿರಿ. ಕೆಟ್ಟುನಿಂತ ವಾಹನವನ್ನು ಗುರುತಿಲ್ಲದೆ ಕತ್ತಲಲ್ಲಿ ಬಿಟ್ಟುಹೋಗಬೇಡಿರಿ. ತಂದೆತಾಯಿಯರೇ, ಬಸ್ಸು ಹೊರಟುಹೋದ ಮೇಲೆಯೇ ರಸ್ತೆ ದಾಟಬೇಕೆಂದು ಮಕ್ಕಳಿಗೆ ಕಲಿಸಿರಿ. ಚಿಕ್ಕವರಾದರೆ ಬಸ್ಸು ನಿಲ್ಲುವ ಬದಿಗೇ ಹೋಗಿ ಕೈಹಿಡಿದು ಕರೆತನ್ನಿರಿ. ಹದಿನೆಂಟು ತುಂಬದ ಮಗನ ಕೈಗೆ ಬೈಕಿನ ಕೀಲಿ ಕೊಡುವುದು ಪ್ರೀತಿಯಲ್ಲ. 2019ರ ತಿದ್ದುಪಡಿಯಂತೆ, ಅವನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ನಮ್ಮ ವಾಹನಗಳಲ್ಲಿ ಜಪಸರ ತೂಗಾಡುತ್ತದೆ, ಸಂತ ಕ್ರಿಸ್ತೋಫರರ ಪದಕವಿರುತ್ತದೆ. ಒಳ್ಳೆಯದೇ. ಆದರೆ ಅವು ಅಜಾಗರೂಕತೆಗೆ ಪರವಾನಗಿಯಲ್ಲ. ಚಿಕ್ಕವರಲ್ಲಿ ಒಬ್ಬರನ್ನೂ ತಾತ್ಸಾರ ಮಾಡಬಾರದೆಂದು ಪ್ರಭು ಯೇಸು ಎಚ್ಚರಿಸಿದ್ದಾರೆ (ಮತ್ತಾಯ 18). ಬಸ್ಸಿನಿಂದ ಇಳಿಯುವ ಮಗು ಯಾವ ಜಾತಿ, ಯಾವ ಮತದ್ದಾದರೂ ಆ ಚಿಕ್ಕವರಲ್ಲಿ ಒಂದು.

ಮುಂದಿನ ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡಿಕೊಳ್ಳುವಾಗ ಈ ಪ್ರಶ್ನೆಯನ್ನೂ ಸೇರಿಸಿಕೊಳ್ಳೋಣ: ರಸ್ತೆಯಲ್ಲಿ ನನ್ನ ಆತುರಕ್ಕಾಗಿ ಯಾರ ಮಗುವಿನ ಪ್ರಾಣವನ್ನು ಪಣಕ್ಕಿಟ್ಟಿದ್ದೇನೆ?