ಪರದೇಶದ ಸಂಸಾರ, ಪರದೇಶದ ನೌಕರಿ: ನರ್ಸಿಂಗ್ ಓದಿದವರು ಊರಲ್ಲೇ ಮುಗಿಸಬೇಕಾದ ಕೆಲಸಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ನರ್ಸಿಂಗ್ ಓದಿ, ಪರದೇಶದಲ್ಲಿರುವ ಸಂಗಾತಿಯನ್ನು ಮದುವೆಯಾಗಿ ಹೊರಡುವವರಿಗೆ ಎರಡು ಬೇರೆ ಬೇರೆ ಅನುಮತಿ ಬೇಕು. ಒಂದು, ಆ ದೇಶದಲ್ಲಿ ವಾಸಿಸಲು. ಇನ್ನೊಂದು, ಅಲ್ಲಿ ರೋಗಿಗಳ ಆರೈಕೆ ಮಾಡಲು. ಮೊದಲನೆಯದನ್ನು ಮದುವೆಯ ಪ್ರಮಾಣಪತ್ರ ಕೊಡಿಸುತ್ತದೆ. ಎರಡನೆಯದು ಓದು, ನೋಂದಣಿ, ಅನುಭವ ಮತ್ತು ಭಾಷೆಯ ಬಲದಿಂದಲೇ ಬರಬೇಕು. ಹೋದ ಮೇಲೆ ಕೆಲಸ ನೋಡಿಕೊಂಡರಾಯಿತು ಎಂದು ಹೊರಟರೆ, ನಾಲ್ಕು ವರ್ಷ ಕಷ್ಟಪಟ್ಟು ಕಲಿತ ವಿದ್ಯೆ ಅಡುಗೆಮನೆಯಲ್ಲೇ ಉಳಿದೀತು. ಊರಲ್ಲಿದ್ದಾಗ ಸುಲಭವಾಗಿ ಆಗುವ ಕೆಲಸಕ್ಕೆ ಆಮೇಲೆ ಅಪ್ಪನೋ ಅಣ್ಣನೋ ಬೆಂಗಳೂರಿಗೆ ಅಲೆಯಬೇಕಾಗುತ್ತದೆ.

ಮೊದಲು ಹೆಸರು ಸರಿಯಾಗಲಿ

ಅರ್ಜಿಗಳು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬಸಮ್ಮ ಎಚ್.’ ಎಂದಿರುತ್ತದೆ, ಆಧಾರ್‌ನಲ್ಲಿ ‘ಬಸಮ್ಮ ಹನುಮಂತಪ್ಪ’, ನರ್ಸಿಂಗ್ ಪದವಿಪತ್ರದಲ್ಲಿ ಬರೀ ‘ಬಸಮ್ಮ’. ಊರಿನಲ್ಲಿ ಇವರೆಲ್ಲ ಒಬ್ಬರೇ ಎಂದು ಯಾರಿಗೂ ಹೇಳಬೇಕಿಲ್ಲ. ಪರದೇಶದ ಪರಿಶೀಲನಾ ಕಚೇರಿಗೆ ಇವರು ಮೂವರು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ತೊಡಕು ಇನ್ನೂ ಹೆಚ್ಚು. ಒಂದೇ ಪದದ ಹೆಸರಿನ ಪಾಸ್‌ಪೋರ್ಟ್ ಹಿಡಿದು ಭೇಟಿ ವೀಸಾದಲ್ಲಿ ಬರುವವರನ್ನು ಒಳಗೆ ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಆದ್ದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಆಧಾರ್, ಪ್ಯಾನ್, ಪಾಸ್‌ಪೋರ್ಟ್, ನರ್ಸಿಂಗ್ ನೋಂದಣಿ ಎಲ್ಲವನ್ನೂ ಅದಕ್ಕೆ ಹೊಂದಿಸಬೇಕು. ಇನಿಷಿಯಲ್ ಬಿಡಿಸಿ ಬರೆಯುವುದಿದ್ದರೆ ಎಲ್ಲ ಕಡೆ ಒಂದೇ ರೀತಿ ಬಿಡಿಸಬೇಕು.

ಮದುವೆಯಾದ ಕೂಡಲೇ ಗಂಡನ ಮನೆಯ ಅಡ್ಡಹೆಸರು ಸೇರಿಸಿಕೊಳ್ಳುವ ಅವಸರ ಬೇಡ. ತನ್ನ ಹೆಸರು ಬದಲಿಸದೆ ಸಂಗಾತಿಯ ಹೆಸರನ್ನು ಮಾತ್ರ ಪಾಸ್‌ಪೋರ್ಟಿನಲ್ಲಿ ಸೇರಿಸಲು ಅವಕಾಶವಿದೆ. ವೃತ್ತಿ ಪರವಾನಗಿ ಕೈಸೇರುವವರೆಗೆ ಅಷ್ಟು ಸಾಕು.

ಪಾಸ್‌ಪೋರ್ಟ್ ಕೆಲಸಕ್ಕೆ ರಾಯಚೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವೇ ಹತ್ತಿರದ್ದು. 2023ರ ಅಕ್ಟೋಬರ್ 1ಕ್ಕಿಂತ ಮೊದಲು ಹುಟ್ಟಿದವರಿಗೆ ಜನ್ಮದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರವೂ ನಡೆಯುತ್ತದೆ. ಆದರೆ ಸಂಗಾತಿ ಇರುವ ದೇಶ ಜನನ ಪ್ರಮಾಣಪತ್ರವನ್ನೇ ಕೇಳಬಹುದು. ಮನೆಯಲ್ಲೇ ಹೆರಿಗೆಯಾಗಿ ಜನನ ನೋಂದಣಿಯೇ ಆಗದವರು ಈ ಭಾಗದಲ್ಲಿ ಇದ್ದಾರೆ. 2023ರ ತಿದ್ದುಪಡಿಯ ಪ್ರಕಾರ ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ದಂಡಾಧಿಕಾರಿಯ ಆದೇಶ ಬೇಕು. ಈ ಭಾಗದ ಉಪವಿಭಾಗ ಕಚೇರಿ ಲಿಂಗಸುಗೂರಿನಲ್ಲೇ ಇದೆ. ಸಿಂಧನೂರಿನ ನಿರಾಶ್ರಿತರ ಕ್ಯಾಂಪುಗಳ ಬಂಗಾಲಿ ಕುಟುಂಬದವರು ಪುನರ್ವಸತಿ ಕಾಲದ ಕಾಗದಗಳನ್ನು ಮೊದಲೇ ಹುಡುಕಿ ಜೋಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಓದು ಮತ್ತು ಅನುಭವದ ದಾಖಲೆ

ಬಿ.ಎಸ್‌ಸಿ. ನರ್ಸಿಂಗ್ ಮಾಡಿದವರ ಟ್ರಾನ್ಸ್‌ಕ್ರಿಪ್ಟ್ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಬರಬೇಕು. ಜಿಎನ್‌ಎಂ ಮಾಡಿದವರ ದಾಖಲೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯಲ್ಲಿರುತ್ತದೆ. ಇವೆರಡೂ ಬೆಂಗಳೂರಿನಲ್ಲಿವೆ. ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿರಬೇಕು, ಅಲ್ಲಿಂದಲೇ ಸನ್ನಡತೆಯ ಪ್ರಮಾಣಪತ್ರವನ್ನೂ ಪಡೆಯಬೇಕು. ಟ್ರಾನ್ಸ್‌ಕ್ರಿಪ್ಟಿನಲ್ಲಿ ಥಿಯರಿ ಮತ್ತು ಕ್ಲಿನಿಕಲ್ ಗಂಟೆಗಳನ್ನು ಬಿಡಿಬಿಡಿಯಾಗಿ ತೋರಿಸಿದ್ದರೆ ಒಳ್ಳೆಯದು. ವಿದೇಶಿ ಪರಿಷತ್ತುಗಳು ಲೆಕ್ಕ ಹಾಕುವುದು ಗಂಟೆಗಳನ್ನೇ.

ಅನುಭವ ಪತ್ರದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಯುಎಇ, ಸೌದಿ, ಕತಾರ್ ಮುಂತಾದ ದೇಶಗಳಿಗೆ ಡೇಟಾಫ್ಲೋ ಎಂಬ ಸಂಸ್ಥೆ ಅಭ್ಯರ್ಥಿಯ ದಾಖಲೆಗಳನ್ನು ಮೂಲ ಸಂಸ್ಥೆಗಳಿಂದಲೇ ಖಚಿತಪಡಿಸಿಕೊಳ್ಳುತ್ತದೆ. ಅಭ್ಯರ್ಥಿ ಕೆಲಸ ಮಾಡಿದ ಆಸ್ಪತ್ರೆಗೂ ಇಮೇಲ್ ಬರುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೆ ಉತ್ತರಿಸಲು ಒಂದು ವಿಭಾಗವೇ ಇರುತ್ತದೆ. ಹತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಆ ಇಮೇಲನ್ನು ನೋಡುವವರೇ ಇರಲಿಕ್ಕಿಲ್ಲ. ಉತ್ತರ ಹೋಗದಿದ್ದರೆ ಆ ವರ್ಷಗಳ ಅನುಭವ ಲೆಕ್ಕಕ್ಕೇ ಬರುವುದಿಲ್ಲ. ಕೆಲಸ ಬಿಡುವ ಮೊದಲೇ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ವಾರ್ಡು, ವಾರದ ಕೆಲಸದ ಗಂಟೆ, ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ) ನೋಂದಣಿ ಸಂಖ್ಯೆ, ಸಹಿ ಹಾಕಿದವರ ಹುದ್ದೆ ಬರೆಸಿಕೊಳ್ಳಬೇಕು. ಇಮೇಲ್ ಬಂದಾಗ ಯಾರು ಉತ್ತರಿಸುತ್ತಾರೆ ಎಂಬುದನ್ನೂ ಡಾಕ್ಟರ ಜೊತೆ ಮಾತಾಡಿ ಗೊತ್ತು ಮಾಡಿಕೊಳ್ಳಬೇಕು. ಸಂಬಳ ಕೈಗೇ ಕೊಡುತ್ತಿದ್ದರೆ ಬ್ಯಾಂಕ್ ಖಾತೆಗೆ ಹಾಕುವಂತೆ ಕೇಳುವುದು ಲೇಸು, ಆ ಪಾಸ್‌ಬುಕ್ ಮುಂದೆ ಸಾಕ್ಷಿಯಾಗುತ್ತದೆ.

ಮದುವೆಯ ನೋಂದಣಿ

ದೇವಸ್ಥಾನದ ರಸೀದಿ, ಕಲ್ಯಾಣ ಮಂಟಪದ ಪತ್ರ ಯಾವ ವೀಸಾ ಕಚೇರಿಯಲ್ಲೂ ನಡೆಯುವುದಿಲ್ಲ. ಹಿಂದೂ ವಿವಾಹವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. 2024ರಿಂದ ಕಾವೇರಿ 2.0 ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿಗೂ ಅವಕಾಶವಿದೆ. ಲಗ್ನಪತ್ರಿಕೆ, ಮದುವೆಯ ಫೋಟೊ, ವಯಸ್ಸಿನ ದಾಖಲೆ, ಸಾಕ್ಷಿಗಳ ಆಧಾರ್ ಸಿದ್ಧವಿರಲಿ. ಇಲ್ಲಿಯೂ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು.

ಬೇರೆ ಬೇರೆ ಧರ್ಮದವರು ಮೆಚ್ಚಿ ಮದುವೆಯಾಗುವುದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಇದೆ. ಇದರಲ್ಲಿ ದಿನಗಳ ಲೆಕ್ಕ ತಪ್ಪಬಾರದು. ಇಬ್ಬರಲ್ಲಿ ಒಬ್ಬರು ನೋಟಿಸಿಗೆ ಮೊದಲು ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸ್ ಪ್ರಕಟವಾದ ಮೇಲೆ 30 ದಿನ ಕಾಯಬೇಕು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗಬೇಕು. ದುಬೈನಿಂದ ಮೂರು ವಾರದ ರಜೆಯಲ್ಲಿ ಬಂದವರಿಗೆ ಇದೆಲ್ಲ ಒಂದೇ ಸಲಕ್ಕೆ ಮುಗಿಯದು. ಸಂಪ್ರದಾಯದಂತೆ ಈಗಾಗಲೇ ಮದುವೆಯಾದ ಯಾವುದೇ ಧರ್ಮದ ದಂಪತಿ ಇದೇ ಕಾಯ್ದೆಯ 15ನೇ ಕಲಮಿನಡಿ ನೋಂದಣಿ ಮಾಡಿಸಬಹುದು. ಅದಕ್ಕೂ 30 ದಿನಗಳ ನೋಟಿಸ್ ಉಂಟು.

ಮದುವೆ ಗೊತ್ತು ಮಾಡುವ ಮುನ್ನ ಪರದೇಶದಲ್ಲಿರುವವರ ವೀಸಾ, ನೌಕರಿ ಒಪ್ಪಂದ, ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ತೀರ್ಪು ನೋಡುವುದು ಹೆಣ್ಣಿನ ಕಡೆಯವರ ಹಕ್ಕು. ಕೇಳಲು ಯಾರೂ ಸಂಕೋಚಪಡಬೇಕಿಲ್ಲ.

ದೃಢೀಕರಣ

ವಿದೇಶದಲ್ಲಿ ಕಾಗದಕ್ಕೆ ಬೆಲೆ ಬರಬೇಕಾದರೆ ಅದಕ್ಕೆ ಮೊಹರಿನ ಮೇಲೆ ಮೊಹರು ಬೀಳಬೇಕು. ಮದುವೆ ಪ್ರಮಾಣಪತ್ರಕ್ಕೆ ರಾಜ್ಯದ ಗೃಹ ಇಲಾಖೆ, ಓದಿನ ದಾಖಲೆಗೆ ರಾಜ್ಯದ ಶಿಕ್ಷಣ ದೃಢೀಕರಣ ವಿಭಾಗ, ನಂತರ ಎರಡಕ್ಕೂ ವಿದೇಶಾಂಗ ಸಚಿವಾಲಯ. ಭಾರತ 2005ರಿಂದ ಅಪೋಸ್ಟಿಲ್ ಒಪ್ಪಂದದಲ್ಲಿದೆ. ಬ್ರಿಟನ್, ಒಮಾನ್, 2022ರಿಂದ ಸೌದಿ, 2024ರಿಂದ ಕೆನಡಾಕ್ಕೆ ಸಚಿವಾಲಯದ ಅಪೋಸ್ಟಿಲ್ ಮುದ್ರೆಯೊಂದೇ ಸಾಕು, ರಾಯಭಾರ ಕಚೇರಿಗೆ ಹೋಗಬೇಕಿಲ್ಲ. ಯುಎಇ ಈ ಒಪ್ಪಂದದಲ್ಲಿಲ್ಲ, ಆದ್ದರಿಂದ ಅದರ ರಾಯಭಾರ ಕಚೇರಿಯ ದೃಢೀಕರಣವೂ ಆಗಬೇಕು.

ದೇಶಕ್ಕೊಂದು ನಿಯಮ

ಯುಎಇಯಲ್ಲಿ ಪತ್ನಿಯನ್ನು ಕರೆಸಿಕೊಳ್ಳುವವರಿಗೆ ತಿಂಗಳಿಗೆ 4,000 ದಿರ್ಹಮ್, ಅಥವಾ 3,000 ಮತ್ತು ವಸತಿ ಇರಬೇಕು. ಅವಲಂಬಿತ ವೀಸಾದಲ್ಲಿದ್ದುಕೊಂಡೇ ನೌಕರಿ ಹಿಡಿಯಬಹುದು, ಆದರೆ ಆರೋಗ್ಯ ಪ್ರಾಧಿಕಾರದ ಪರವಾನಗಿ ಮತ್ತು ಕೆಲಸದ ಪರ್ಮಿಟ್ ಎರಡೂ ಬೇಕು. ಬ್ರಿಟನ್‌ನಲ್ಲಿ ನರ್ಸ್ ಆಗಲು ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಕೊನೆಗೆ ಒಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷೆ. ಕೊನೆಯದು ನಡೆಯುವುದು ಬ್ರಿಟನ್‌ನಲ್ಲೇ, ಮೊದಲೆರಡನ್ನು ಹೈದರಾಬಾದ್ ಅಥವಾ ಬೆಂಗಳೂರಿನಲ್ಲಿ ಬರೆದು ಹೋಗಬಹುದು. ಜರ್ಮನಿಯ ಬ್ಲೂ ಕಾರ್ಡ್ ಇದ್ದವರ ಸಂಗಾತಿಗೆ ವೀಸಾಕ್ಕೆ ಜರ್ಮನ್ ಭಾಷೆಯ ಷರತ್ತಿಲ್ಲ. ಆದರೆ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಅದು ಒಂದೆರಡು ತಿಂಗಳಲ್ಲಿ ಬರುವ ವಿದ್ಯೆಯಲ್ಲ. ನಿಶ್ಚಿತಾರ್ಥದ ದಿನದಿಂದಲೇ ಕಲಿಯಲು ಕೂತರೂ ಬೇಗವಾಗಲಿಲ್ಲ. ಅಮೆರಿಕದ ಎಚ್-4 ಎಂಬ ಅವಲಂಬಿತ ವೀಸಾದವರು ಬೇರೆ ಅನುಮತಿ ಇಲ್ಲದೆ ದುಡಿಯುವಂತಿಲ್ಲ. ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲಷ್ಟೇ ಆ ಅನುಮತಿ ಸಿಗುತ್ತದೆ.

ಏಜೆಂಟರ ವಿಷಯ

ನೌಕರಿ ವೀಸಾದಲ್ಲಿ ಹೋಗುವವರು ಏಜೆಂಟನ ಹೆಸರನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ ನೋಡಬೇಕು. ನೋಂದಾಯಿತ ಏಜೆಂಟ್ ಸೇವಾಶುಲ್ಕವೆಂದು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ, ಅದಕ್ಕೂ ರಸೀದಿ ಕೊಡಬೇಕು. ಕೊಲ್ಲಿ ದೇಶಗಳೂ ಸೇರಿದಂತೆ ವಲಸೆ ತಪಾಸಣೆ ಬೇಕಾದ ದೇಶಗಳಿಗೆ ನರ್ಸ್‌ಗಳ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕೆಂದು ಕೇಂದ್ರ 2015ರಲ್ಲಿ ನಿಯಮ ತಂದಿತ್ತು. ಬ್ರಿಟನ್ ತನ್ನ ಕೇರ್ ವರ್ಕರ್ ಹುದ್ದೆಗಳಿಗೆ ವಿದೇಶದಿಂದ ಹೊಸ ನೇಮಕಾತಿಯನ್ನು 2025ರ ಜುಲೈ 22ರಿಂದ ನಿಲ್ಲಿಸಿದೆ. ಆ ವೀಸಾ ಕೊಡಿಸುತ್ತೇನೆಂದು ಯಾರಾದರೂ ಮುಂಗಡ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬಾರದು.

ಹೊರಡುವಾಗ ಮೂಲ ಪ್ರಮಾಣಪತ್ರಗಳು ಕೈಚೀಲದಲ್ಲಿರಲಿ, ಸ್ಕ್ಯಾನ್ ಪ್ರತಿಗಳು ತವರಿನವರ ಬಳಿಯೂ ಇರಲಿ. ಹೋದ ಮೇಲೂ ಮೂಲ ಪ್ರಮಾಣಪತ್ರ ಮತ್ತು ಪಾಸ್‌ಪೋರ್ಟ್ ಅವರವರ ವಶದಲ್ಲೇ ಇರಬೇಕು. ಉದ್ಯೋಗದಾತರೋ ಗಂಡನ ಮನೆಯವರೋ ಅವನ್ನು ಕಿತ್ತಿಟ್ಟುಕೊಂಡರೆ ಭಾರತದ ರಾಯಭಾರ ಕಚೇರಿಗೆ ಅಥವಾ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ಕೊಡಬಹುದು. ಊರಿನಿಂದ ತಂದೆ ತಾಯಿಯೂ ಅದೇ ಜಾಲತಾಣದಲ್ಲಿ ಮಗಳ ಪರವಾಗಿ ದೂರು ದಾಖಲಿಸಬಹುದು.