ನರ್ಸಿಂಗ್ ಸೇರುವ ಮೊದಲು ಆಶಾ ಅಕ್ಕನ ಜೊತೆ

ಪಿಯುಸಿ ಪರೀಕ್ಷೆ ಮುಗಿದು ನರ್ಸಿಂಗ್ ತರಗತಿ ಶುರುವಾಗುವವರೆಗೆ ಕೆಲವು ತಿಂಗಳು ಕೈಯಲ್ಲಿರುತ್ತವೆ. ಶಿಕಾರಿಪುರ, ಸೊರಬದ ಮಕ್ಕಳೇ, ಅಷ್ಟನ್ನೂ ಮೊಬೈಲಿಗೆ ಕೊಟ್ಟು ಮುಗಿಸಬೇಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ: "ಅಕ್ಕಾ, ನಿಮ್ಮ ಜೊತೆ ಮನೆಮನೆಗೆ ಬರಲಾ?"

ಸೊರಬದವರಿಗಂತೂ ಕಲಿಯಲು ದೂರ ಹೋಗಬೇಕಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಇವತ್ತಿಗೂ ಆ ರೋಗಕ್ಕೆ ಆ ಕಾಡಿನದೇ ಹೆಸರು. ಡಿಸೆಂಬರಿನಿಂದ ಮೇವರೆಗೆ ಅದರ ಕಾಟ ಹೆಚ್ಚು. ಸೊಪ್ಪು, ದರಗು ತರಲು ಕಾಡಿಗೆ ಹೊರಟವರನ್ನು, ಈ ರೋಗ ಹರಡುವ ಉಣುಗು ಕಚ್ಚದಂತೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಅಕ್ಕ ಹೇಗೆ ಒಪ್ಪಿಸುತ್ತಾರೆ, ಜ್ವರ ಮುಚ್ಚಿಟ್ಟವರ ಬಾಯಿ ಹೇಗೆ ಬಿಡಿಸುತ್ತಾರೆ, ನೋಡಿ. ಅರ್ಧ ನರ್ಸಿಂಗ್ ಇರುವುದೇ ಈ ಮಾತಿನಲ್ಲಿ ಎಂಬುದು ನನ್ನ ಅಭಿಪ್ರಾಯ.

ತಾಲ್ಲೂಕು ಆಸ್ಪತ್ರೆಗೂ ಹೋಗಿ, ವೈದ್ಯಾಧಿಕಾರಿಗಳ ಒಪ್ಪಿಗೆ ಕೇಳಿ. ಅಜ್ಜಿಯರಿಗೆ ಚೀಟಿ ಮಾಡಿಸಿಕೊಡುವುದು, ಗಾಲಿಕುರ್ಚಿ ತಳ್ಳುವುದು, ಇಷ್ಟೇ ಸಿಗಬಹುದು. ಸಾಕು. ರಕ್ತ, ವಾಸನೆ, ನರಳಾಟ ನಿಮ್ಮಿಂದ ತಡೆಯಲಾಗುತ್ತದೋ ಇಲ್ಲವೋ ಎಂಬುದು ನಾಲ್ಕು ವರ್ಷದ ಬಿಎಸ್ಸಿಗೆ ಶುಲ್ಕ ಕಟ್ಟುವ ಮೊದಲೇ ತಿಳಿಯುತ್ತದೆ. ಯಾರಾದರೂ "ಒಂದು ಇಂಜೆಕ್ಷನ್ ಹಾಕಿ ನೋಡು" ಎಂದರೆ ಮಾತ್ರ ಒಪ್ಪಬೇಡಿ. ಅಲ್ಲಿ ಕಂಡ ಪರಿಚಿತರ ಕಾಯಿಲೆಯ ಸುದ್ದಿ ಬಸ್‌ಸ್ಟ್ಯಾಂಡಿಗೆ ಬರಕೂಡದು; ಊರು ಚಿಕ್ಕದು.

ಹಾಂ, ನಿಮ್ಮ ಬಾಲ್ಯದ ಲಸಿಕೆ ಕಾರ್ಡ್ ಹುಡುಕಿ. ರಕ್ತದ ನಡುವೆ ಕೆಲಸ ಮಾಡುವವರಿಗೆ ಬೇಕಾದ ಹೆಪಟೈಟಿಸ್-ಬಿ ಲಸಿಕೆ ಹಾಕಿಸಿದ ದಾಖಲೆ ಇಲ್ಲದಿದ್ದರೆ ವೈದ್ಯರನ್ನು ಈಗಲೇ ಕೇಳಿ. ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ 6 ತಿಂಗಳು ಬೇಕು.