ದುಬೈಗೆ ಹೊರಟವರಿಗೆ

ಬುರ್ಜ್ ಖಲೀಫಾದ ಮಗ್ಗುಲಲ್ಲೇ ಕೋಣೆ ಬೇಕೆಂದು ಹಟ ಹಿಡಿಯಬೇಡಿ. ದೇರಾ, ಬರ್ ದುಬೈ, ಕರಾಮಾ ಕಡೆ ಕಡಿಮೆ ದುಡ್ಡಿಗೆ ಒಳ್ಳೆಯ ಕೋಣೆ ಸಿಗುತ್ತದೆ. ಮೆಟ್ರೋ ನಿಲ್ದಾಣ ಮಾತ್ರ ಹತ್ತಿರವೇ ಇರಲಿ. ಬೇಸಿಗೆಯಲ್ಲಿ ಹತ್ತು ನಿಮಿಷದ ನಡಿಗೆಯೂ ಜೀವ ಹಿಂಡುತ್ತದೆ. ಕೋಣೆಗೆ ರಾತ್ರಿಯೊಂದಕ್ಕೆ 7ರಿಂದ 20 ದಿರ್ಹಮ್‌ವರೆಗಿನ ಪ್ರವಾಸಿ ಶುಲ್ಕವನ್ನು ಸಾಮಾನ್ಯವಾಗಿ ಹೋಟೆಲಿನಲ್ಲೇ ಕಟ್ಟಬೇಕಾಗುತ್ತದೆ. ಬುಕ್ ಮಾಡುವಾಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕರಾಮಾದಲ್ಲಿ ದೋಸೆ, ಸಾಂಬಾರ್, ಸಸ್ಯಾಹಾರಿ ಊಟ ಸಲೀಸು. ಆದರೆ ಅಷ್ಟು ದೂರ ಹೋಗಿ ಬರೀ ದೋಸೆ ತಿಂದು ಬರಬೇಡಿ! ಸತ್ವಾದಲ್ಲಿ 1978ರಿಂದ ನಡೆಯುತ್ತಿರುವ ರವಿ ರೆಸ್ಟೋರೆಂಟಿಗೆ ಹೋಗಿ, ತಂದೂರಿನಿಂದ ಆಗಷ್ಟೇ ತೆಗೆದ, ಬೆರಳು ಸುಡುವ ರೊಟ್ಟಿಯನ್ನು ದಾಲ್‌ನಲ್ಲಿ ಅದ್ದಿ ತಿನ್ನಿ. ಸಂಜೆ ಅಬ್ರಾ ದೋಣಿಯಲ್ಲಿ ಖಾರಿ ದಾಟಿ, ದಡದಲ್ಲಿ ಏಲಕ್ಕಿ ಘಮದ ಕರಕ್ ಚಹಾ ಕುಡಿಯಿರಿ. ಮೆಟ್ರೋದೊಳಗೆ ಮಾತ್ರ ಏನನ್ನೂ ಬಾಯಿಗೆ ಹಾಕಬೇಡಿ, ದಂಡ 100 ದಿರ್ಹಮ್.